ಮಳೆಯ ದಿನ ಎಷ್ಟು ಗಂಟೆಗೆ ಆರಂಭ?

ಕೇಳುಗರಿಗೆ ನಮಸ್ಕಾರ.

ಮಳೆಗಾಲದ ವಾರ್ತೆಗಳಲ್ಲಿ ಆಗುಂಬೆಯಲ್ಲಿ ಇಷ್ಟು ಸೆಂಟಿಮೀಟರ್ ಮಳೆ ಎಂದು ಕೇಳಿರುತ್ತೀರಿ. ಆ ಲೆಕ್ಕದ ದಿನ ನಡುರಾತ್ರಿಗೆ ಮುಗಿಯುವುದಿಲ್ಲ. ಹವಾಮಾನ ಇಲಾಖೆಯ ಮಳೆಯ ದಿನ ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರವರೆಗೆ. ಜುಲೈ 15ರ ರಾತ್ರಿ ಹತ್ತಕ್ಕೆ ಹಿಡಿದು ಬೆಳಗಿನ ಜಾವ ಬಿಟ್ಟ ಮಳೆಯೆಲ್ಲ 16ರ ಖಾತೆಗೆ ಹೋಗುತ್ತದೆ.

ಈಗ ಹದಿನೈದು ನಿಮಿಷಕ್ಕೊಂದರಂತೆ ದಾಖಲಾದ ಮಳೆಯ ಅಂಕಿಗಳು ನಿಮ್ಮ ಕೈಯಲ್ಲಿವೆ ಎನ್ನಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಅಂಕಿಅಂಶ ನಿಭಾಯಿಸುವ ಪಾಂಡಾಸ್ ಲೈಬ್ರರಿ ಇದೆ; ಅದರಲ್ಲಿ ಅಂಕಿಗಳನ್ನು ಕಾಲಾವಧಿವಾರು ಗುಂಪು ಮಾಡುವ ರೀಸ್ಯಾಂಪಲ್ ಬಳಸಿ ದಿನವಾರು ಕೂಡಿಸಿದರೆ, ಅದು ನಡುರಾತ್ರಿಗೆ ಗೆರೆ ಎಳೆದು ಒಂದೇ ಮಳೆಯನ್ನು ಎರಡು ದಿನಕ್ಕೆ ಹಂಚುತ್ತದೆ. ಭಾರೀ ಮಳೆಯ ದಿನವೊಂದು ಪಟ್ಟಿಯಿಂದಲೇ ಮಾಯವಾಗಬಹುದು. ಆಫ್‌ಸೆಟ್ ಎಂಬಲ್ಲಿ ಎಂಟೂವರೆ ಗಂಟೆ ಎಂದು ಕೊಟ್ಟರೆ ಗೆರೆ ಸರಿಯಾದ ಜಾಗಕ್ಕೆ ಬರುತ್ತದೆ. ಅಷ್ಟಕ್ಕೇ ನಿಲ್ಲಿಸಬೇಡಿ. ಪಾಂಡಾಸ್ ಆ ಅವಧಿಗೆ ಅದು ಆರಂಭವಾದ ದಿನದ ಹೆಸರಿಡುತ್ತದೆ, ಇಲಾಖೆ ಮುಗಿದ ದಿನದ ಹೆಸರಿಡುತ್ತದೆ. ಆದ್ದರಿಂದ ಹೆಸರು ಯಾವ ತುದಿಯದೆಂದು ಹೇಳುವ ಲೇಬಲ್ ಬಲಕ್ಕೆ, ಅಂದರೆ ಅವಧಿಯ ಕೊನೆಗೆ, ಇರಲಿ. 8.30ರ ಸಾಲಿನಲ್ಲಿರುವುದು ಅದರ ಹಿಂದಿನ ಕಾಲು ಗಂಟೆಯ ಮಳೆಯಾಗಿದ್ದರೆ ಯಾವ ತುದಿಯ ಸಾಲು ಅವಧಿಯೊಳಗೆ ಸೇರಬೇಕೆಂದು ಹೇಳುವ ಕ್ಲೋಸ್ಡ್ ಎಂಬುದನ್ನೂ ಬಲಕ್ಕೇ ಇಡಬೇಕು. ಇಲ್ಲವಾದರೆ ಆ ಸಾಲು ಮುಂದಿನ ದಿನಕ್ಕೆ ಜಾರುತ್ತದೆ.

ತಿಂಗಳ ಲೆಕ್ಕದಲ್ಲಿ ಪಾಂಡಾಸ್ ತೋರುವ ಎಚ್ಚರ ನನಗೆ ಬಹಳ ಮೆಚ್ಚುಗೆ. ಅದರಲ್ಲಿ ನಿಶ್ಚಿತ ಕಾಲಾವಧಿಯನ್ನು ಹೇಳುವ ಟೈಮ್‌ಡೆಲ್ಟಾ ದಿನ, ಗಂಟೆಗಳನ್ನು ಒಪ್ಪುತ್ತದೆ, ತಿಂಗಳನ್ನು ಒಪ್ಪುವುದಿಲ್ಲ. ತಿಂಗಳಿಗೆ ನಿಶ್ಚಿತ ಉದ್ದವೆಲ್ಲಿದೆ? ಅದಕ್ಕೆ ಕ್ಯಾಲೆಂಡರ್ ನೋಡಿ ಕೂಡಿಸುವ ಡೇಟ್‌ಆಫ್‌ಸೆಟ್ ಬೇರೆಯೇ ಇದೆ. 2024ರ ಜನವರಿ 31ಕ್ಕೆ ಅದರಿಂದ ಒಂದು ತಿಂಗಳು ಕೂಡಿಸಿದರೆ ಫೆಬ್ರವರಿ 29 ಸಿಗುತ್ತದೆ.

ನಾವು 03/04/2024 ಎಂದು ಬರೆದರೆ ಏಪ್ರಿಲ್ 3. ಪಾಂಡಾಸ್ ತಾನಾಗಿ ಓದುವುದು ಮಾರ್ಚ್ 4 ಎಂದು. ನಮ್ಮ ಕಚೇರಿಗಳ ಕಡತ ತೆರೆಯುವವರು ದಿನ ಮೊದಲು, ತಿಂಗಳು ಆಮೇಲೆ ಎಂಬ ವಿನ್ಯಾಸವನ್ನು ಬಾಯಿಬಿಟ್ಟು ಹೇಳಲೇಬೇಕು.

ಇನ್ನು ಅಂಕಿಗಳು ಯುಟಿಸಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಪ್ರಮಾಣ ಸಮಯದಲ್ಲಿ ಬಂದಿದ್ದರೆ, ನಮ್ಮ 8.30 ಅಲ್ಲಿ ಬೆಳಗಿನ 3 ಗಂಟೆ. ವಲಯದ ಗುರುತಿಲ್ಲದ ಸಮಯಕ್ಕೆ ಮೊದಲು ಟಿಜೆಡ್ ಲೋಕಲೈಜ್‌ನಿಂದ ಯುಟಿಸಿ ಎಂಬ ಗುರುತು ಹಾಕಿ, ನಂತರ ಟಿಜೆಡ್ ಕನ್ವರ್ಟ್‌ನಿಂದ ಏಷ್ಯಾ ಕೋಲ್ಕತಾ ಸಮಯಕ್ಕೆ ತನ್ನಿ. ದಿನವಾರು ಕೂಡಿಸುವುದು ಅದಾದ ಮೇಲೆ. ನಮಸ್ಕಾರ.