ಈಜಿಪ್ಟಿನಲ್ಲಿ ಭೂಮಿ ತಾಯಿ ಅಲ್ಲ, ಗಂಡಸು ಸ್ವಾಮಿ!

ನಮಸ್ಕಾರ, ಎಲ್ಲರದೂ ಊಟ ಆಯ್ತಾ? ಇವತ್ತು ಬೇರೆ ವಿಷಯ ಇಟ್ಟುಕೊಂಡಿದ್ದೆ. ಬೆಳಿಗ್ಗೆ ಕಾಫಿ ಹಿಡಿದು ಕಾಮೆಂಟ್ ಓದಲು ಕೂತೆ, ಕಾಫಿ ಆರಿಹೋಯಿತು. ಹೋದ ವಾರದ ವಿಡಿಯೊ ಕೆಳಗೆ ಒಬ್ಬರು ಬರೆದಿದ್ದಾರೆ: “ಸರ್, ಬೆಳೆ ಕೊಡುವ ದೇವರು ಅಂದರೆ ಎಲ್ಲ ಕಡೆಯೂ ಭೂತಾಯಿಯೇ. ನಾವು ಭೂಮಿ ಹುಣ್ಣಿಮೆಗೆ ಅವಳಿಗೆ ಸೀಮಂತ ಮಾಡುತ್ತೇವೆ. ಈಜಿಪ್ಟಿನವರೂ ಅದನ್ನೇ ಮಾಡುತ್ತಿದ್ದರು. ನೀವು ಸುಮ್ನೆ ಗಂಡು ದೇವರ ಫೋಟೊ ಹಾಕಿದ್ದೀರಿ.” ಇದಕ್ಕೆ ನನ್ನ ವಿಡಿಯೊಗಿಂತ ಜಾಸ್ತಿ ಲೈಕ್!

ಸ್ವಾಮಿ, ನಮ್ಮ ಭೂಮಿ ಹುಣ್ಣಿಮೆಗೆ ನನ್ನ ತಕರಾರಿಲ್ಲ. ಗದ್ದೆಯಲ್ಲಿ ಕೂತು ಕಡುಬು ತಿಂದು ಬೆಳೆದವನು ನಾನು. ಆದರೆ ಹಳೇ ಕಾಲದ ಈಜಿಪ್ಟಿನಲ್ಲಿ ಭೂಮಿ ಗಂಡಸು. ಹೆಸರು ಗೆಬ್. ಅಂಗಾತ ಮಲಗಿರುತ್ತಾನೆ. ಮೇಲೆ ಕಮಾನಿನ ಹಾಗೆ ಬಾಗಿ ನಿಂತಿರುವವಳು ಆಕಾಶ, ಅವಳು ಹೆಂಗಸು, ನೂತ್. ನಮ್ಮ ಲೆಕ್ಕ ಪೂರ್ತಿ ಉಲ್ಟಾ.

ಯಾಕೆ? ನನ್ನ ವಾದ ಇದು. ನಮಗೆ ಮಳೆ ಮೇಲಿಂದ ಬರುತ್ತದೆ, ಭೂಮಿ ಬಸುರಾಗುತ್ತದೆ. ಅಲ್ಲಿ ಮಳೆಯೇ ಅಪರೂಪ, ಬೆಳೆಗೆ ನೀರು ಕೊಡುವುದು ಆಕಾಶವಲ್ಲ, ಕೆಳಗಿನ ಹೊಳೆ; ಅದಕ್ಕೇ ಗಂಡಸು ಕೆಳಗೆ. ಬೇಸಿಗೆಯಲ್ಲಿ ನೈಲ್ ಉಕ್ಕಿ ಹೊಲ ಮುಳುಗಿಸುತ್ತಿತ್ತು. ನೀರು ಇಳಿದ ಮೇಲೆ ಕಪ್ಪು ಮಣ್ಣು ಮೇಲೆ ಬರುತ್ತಿತ್ತು. ಅವರ ಪಂಚಾಂಗವೂ ಹಾಗೇ: ಅಖೆತ್ ಅಂದರೆ ನೆರೆ, ಪೆರೆತ್ ಅಂದರೆ ಮೊಳಕೆ, ಶೆಮು ಅಂದರೆ ಸುಗ್ಗಿ. ಒಂದೊಂದಕ್ಕೆ ನಾಲ್ಕು ತಿಂಗಳು, ತಿಂಗಳಿಗೆ 30 ದಿನ, ಕೊನೆಗೆ 5 ದಿನ ಸೇರಿಸಿ 365. ಅಧಿಕ ದಿನ ಇಲ್ಲ! ನಾಲ್ಕು ವರ್ಷಕ್ಕೆ ಒಂದು ದಿನ ಜಾರಿ ಜಾರಿ, ಸುಗ್ಗಿ ತಿಂಗಳು ನೆರೆಯ ಹೊತ್ತಿಗೂ ಬರುತ್ತಿತ್ತು. ಕ್ರಿ.ಪೂ. 238ರಲ್ಲಿ ಕಾನೊಪಸ್ ಪಟ್ಟಣದಲ್ಲಿ ಪುರೋಹಿತರೆಲ್ಲ ಸೇರಿ ನಾಲ್ಕು ವರ್ಷಕ್ಕೊಮ್ಮೆ ಒಂದು ದಿನ ಸೇರಿಸೋಣ ಅಂತ ಕಲ್ಲಲ್ಲಿ ಕೆತ್ತಿಸಿದರು. ಜನ ಕೇಳಲಿಲ್ಲ. ನಮ್ಮ ಅಪಾರ್ಟ್‌ಮೆಂಟ್ ಮೀಟಿಂಗ್ ನೆನಪಾಗುತ್ತದೆ. ಎಲ್ಲಿದ್ದೆ? ಹಾಂ, ಗಂಡಸು.

ಆ ನೆರೆಗೂ ಒಬ್ಬ ದೇವರು, ಹಾಪಿ. ಗಡ್ಡ ಇದೆ, ಡೊಳ್ಳು ಹೊಟ್ಟೆ ಇದೆ, ಜೋತು ಬಿದ್ದ ಮೊಲೆಯೂ ಇದೆ. “ನೋಡಿ, ಹೆಂಗಸು!” ಅಂತ ಓಡಿ ಬರಬೇಡಿ. ಗಡ್ಡ ಅಂದೆ, ಗಡ್ಡ.

ಈಗ ಮಿನ್, ಫಲವತ್ತತೆಯ ದೇವರು. ಇವನ ಚಿತ್ರವನ್ನು ಪೂರ್ತಿ ತೋರಿಸಿದರೆ ಈ ವಿಡಿಯೊಗೆ ಹಳದಿ ಡಾಲರ್ ಬೀಳುತ್ತದೆ (ಅಂದರೆ ಜಾಹೀರಾತಿನ ದುಡ್ಡಿಗೆ ಕತ್ತರಿ), ಅದಕ್ಕೇ ಸೊಂಟದ ಕೆಳಗೆ ಮಬ್ಬು ಮಾಡಿದ್ದೇನೆ. ಈಜಿಪ್ಟಿನ ಕಾಪ್ಟೋಸ್ ಊರಲ್ಲಿ ಸಿಕ್ಕ ಇವನ ದೊಡ್ಡ ಕಲ್ಲು ವಿಗ್ರಹಗಳು 5,000 ವರ್ಷಕ್ಕಿಂತ ಹಳೆಯವು, ಈಗ ಆಕ್ಸ್‌ಫರ್ಡ್‌ನ ಆಶ್ಮೋಲಿಯನ್ ಮ್ಯೂಸಿಯಂನಲ್ಲಿವೆ. ಇವನ ಹಬ್ಬ ಶೆಮುವಿನ ಮೊದಲ ತಿಂಗಳಲ್ಲಿ. ಮೆದಿನೆತ್ ಹಾಬು ದೇವಸ್ಥಾನದ ಗೋಡೆ ಮೇಲೆ ಮೂರನೇ ರಾಮ್ಸೆಸ್ ಈ ಹಬ್ಬವನ್ನು ಕೆತ್ತಿಸಿದ್ದಾನೆ: ಮೆರವಣಿಗೆ, ಬಿಳಿ ಹೋರಿ, ನಾಲ್ಕು ದಿಕ್ಕಿಗೆ ನಾಲ್ಕು ಹಕ್ಕಿ ಹಾರಿಸುವುದು. ರಾಜನೇ ಕುಡುಗೋಲು ಹಿಡಿದು ತೆನೆ ಕೊಯ್ಯುತ್ತಾನೆ. ಉತ್ತರ ಕರ್ನಾಟಕದಲ್ಲಿ ಸದಕ ಅನ್ನುತ್ತಾರಲ್ಲ, ಆ ಜಾತಿಯ ಗೋಧಿ. ಇನ್ನು ದೇವರ ಹಿಂದೆ ಏನಿಟ್ಟಿದ್ದಾರೆ ಗೊತ್ತಾ? ಲೆಟ್ಯೂಸ್ ಸೊಪ್ಪು! ಉದ್ದಕ್ಕೆ ನಿಲ್ಲುವ ಜಾತಿ, ಮುರಿದರೆ ಬಿಳಿ ಹಾಲು ಬರುತ್ತದೆ. ಯಾಕಿಟ್ಟರು ಅಂತ ನಾನು ಬಿಡಿಸಿ ಹೇಳುವುದಿಲ್ಲ, ಮನೆಯಲ್ಲಿ ಅಮ್ಮನೂ ಈ ಚಾನೆಲ್ ನೋಡುತ್ತಾರೆ.

ಅಂದ ಹಾಗೆ ನೋಡುವವರಲ್ಲಿ ಅರ್ಧ ಜನ ಸಬ್‌ಸ್ಕ್ರೈಬ್ ಆಗಿಲ್ಲ. ಅಮ್ಮನೂ ಆಗಿಲ್ಲ. ಒತ್ತಿ.

“ಐಸಿಸ್ ದೇವಿ ಇಲ್ವಾ?” ಬಂತು ನೋಡಿ! ಖೊಯಾಕ್ ಹಬ್ಬಕ್ಕೆ ಬನ್ನಿ, ನೆರೆ ಇಳಿಯುವ ತಿಂಗಳು. ಅಚ್ಚಿಗೆ ಮರಳು, ಬಾರ್ಲಿ ಬೀಜ ತುಂಬಿ, ನೀರು ಹಾಕಿ, ಮೊಳಕೆ ಬರಿಸುತ್ತಿದ್ದರು. ನಮ್ಮ ನವರಾತ್ರಿ ಘಟದ ಹಾಗೆಯೇ. ಆದರೆ ಅಚ್ಚು ಯಾರ ಆಕಾರದ್ದು? ಐಸಿಸ್ ಗಂಡ ಒಸೈರಿಸ್ ದೇವರದ್ದು! ಗಂಡಸು! ರಾಜ ತುತಾಂಖಾಮನ್ ಸಮಾಧಿಯಲ್ಲೂ ಇಂಥ ಒಂದು ಮರದ ಚೌಕಟ್ಟು ಸಿಕ್ಕಿದೆ, ಬಾರ್ಲಿ ಮೊಳೆತದ್ದು. ಐಸಿಸ್ ಅತ್ತಳು, ತುಂಡಾದ ಗಂಡನನ್ನು ಜೋಡಿಸಿದಳು, ಒಪ್ಪಿದೆ. ಮೊಳೆತದ್ದು ಯಾರ ಮೈಯಲ್ಲಿ?

ಇನ್ನೊಬ್ಬರು ರೆನೆನುಟೆಟ್ ಅಂತ ಬರೆದಿದ್ದಾರೆ, ಸುಗ್ಗಿಯ ನಾಗದೇವತೆ. ಇದ್ದಾಳಪ್ಪ. ಕಣಜ ಕಾಯುತ್ತಾಳೆ. ಅದು ಸೆಕ್ಯೂರಿಟಿ ಕೆಲಸ. ಸರಿ, ಸುಗ್ಗಿಗೆ ಅವಳಿಗೂ ಪೂಜೆ ಇತ್ತು, ಇರಲಿ, ನನ್ನ ಸ್ಕ್ರಿಪ್ಟಿನಲ್ಲಿ ಅದಕ್ಕೆ ಉತ್ತರ ಬರೆದಿದ್ದೆ, ಆ ಹಾಳೆ ಕಾಣುತ್ತಿಲ್ಲ. ಉತ್ತರ ಚೆನ್ನಾಗಿತ್ತು, ನಂಬಿ.

ಭೂಮಿ ಗಂಡಸು. ನೆರೆ ಗಂಡಸು. ಕಾಳು ಗಂಡಸು. ಲೆಟ್ಯೂಸ್ ಕೂಡ ಗಂಡಸು! ಇನ್ನೇನು ಬೇಕು ನಿಮಗೆ?

ಮುಂದಿನ ವಾರ ಹಾಥೋರ್ ದೇವಿಯ ಕುಡಿತದ ಹಬ್ಬ. ಹೌದು, ದೇವಿ. ಹೌದು, ಹೆಂಗಸು. ಅದಕ್ಕೂ ಕಾಮೆಂಟ್ ಹಾಕುತ್ತೀರಿ ಅಂತ ಗೊತ್ತು, ಹಾಕಿ. ನಾನು ಕಾಫಿ ಬಿಸಿ ಮಾಡಿಕೊಂಡು ಬರುತ್ತೇನೆ.