ಕಪಾಟಿನಲ್ಲಿ ಒಂದು ಫೋನ್, ಜೇಬಿನಲ್ಲಿ ಒಂದು ಫೋನ್

ನೀವು ಈಗ ನೋಡುತ್ತಿರುವುದು ಕಲಬುರಗಿಯ ನಮ್ಮ ಮನೆಯ ಕಪಾಟು. ಮೇಲಿನ ಖಾನೆಯಲ್ಲಿ ರೇಷನ್ ಕಾರ್ಡು, ಅಪ್ಪನ ಪಿಂಚಣಿ ಪುಸ್ತಕ ಮತ್ತು ಮುಗಿದುಹೋದ ಪಾಸ್‌ಬುಕ್ಕುಗಳ ಪಕ್ಕದಲ್ಲಿ ಸ್ವಿಚ್ ಆಫ್ ಆಗಿ ಮಲಗಿರುವುದು ನನ್ನ ಸ್ಮಾರ್ಟ್‌ಫೋನ್. ಜನವರಿಯಿಂದ ಅದು ವಾರಕ್ಕೊಮ್ಮೆ, ಭಾನುವಾರ ಮಾತ್ರ ಹೊರಗೆ ಬರುತ್ತಿದೆ. ಉಳಿದ ಆರು ದಿನ ನನ್ನ ಅಂಗಿಯ ಜೇಬಿನಲ್ಲಿರುವುದು ಸೂಪರ್ ಮಾರ್ಕೆಟ್ಟಿನ ಅಂಗಡಿಯೊಂದರಲ್ಲಿ ಕೊಂಡ ಕೀಪ್ಯಾಡ್ ಫೋನ್. ಅದರಲ್ಲಿ ಕರೆ ಮಾಡಬಹುದು, ಸಂದೇಶ ಕಳಿಸಬಹುದು, ಎಫ್‌ಎಂ ಕೇಳಬಹುದು, ಕರೆಂಟ್ ಹೋದಾಗ ಟಾರ್ಚ್ ಹಚ್ಚಿಕೊಳ್ಳಬಹುದು. ಅದಕ್ಕಿಂತ ಹೆಚ್ಚಿನದನ್ನು ಅದು ಕೊಡುವುದಿಲ್ಲ. ಈ ದೃಶ್ಯಗಳನ್ನು ತೆಗೆದದ್ದು ತಂಗಿಯ ಹಳೆಯ ಡಿಜಿಟಲ್ ಕ್ಯಾಮೆರಾದಲ್ಲಿ. ನನ್ನ ಮಾತಿನ ಹಿಂದೆ ಕೇಳಿಸುತ್ತಿರುವ ಗರಗರ ಸದ್ದು ಕೂಲರಿನದು. ಕಲಬುರಗಿಯ ಮೇ ತಿಂಗಳಿನಲ್ಲಿ ಅದನ್ನು ಆರಿಸಿಟ್ಟು ಧ್ವನಿ ದಾಖಲಿಸುವಷ್ಟು ಧೈರ್ಯ ನನಗಿಲ್ಲ.

ನಾನು ಇಲ್ಲಿನ ಧಾನ್ಯ ಮಾರುಕಟ್ಟೆಯಾದ ನೆಹರು ಗಂಜಿನ ಒಂದು ಅಡತ್ (ದಲ್ಲಾಳಿ) ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಡಿಸೆಂಬರಿನಲ್ಲಿ ಹೊಸ ತೊಗರಿ ಬರಲಾರಂಭಿಸಿದ ಮೇಲೆ ಗಂಜಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಆದರೂ ಲೆಕ್ಕ ಬರೆಯುವವನ ಪಾಲಿಗೆ ಆ ದಿನಗಳು ಕಾಯುವ ದಿನಗಳೇ ಆಗಿರುತ್ತವೆ: ಗಾಡಿ ಖಾಲಿಯಾಗುವವರೆಗೆ, ತೂಕವಾಗುವವರೆಗೆ, ರೇಟ್ ತೀರ್ಮಾನವಾಗುವವರೆಗೆ, ರೈತರು ಚಾ ಕುಡಿದು ಬರುವವರೆಗೆ ಕಾಯಬೇಕು. ಇಂಥ ಬಿಡುವುಗಳನ್ನೆಲ್ಲ ನಾನು ಫೋನಿಗೆ ಒಪ್ಪಿಸಿಬಿಟ್ಟಿದ್ದೆ. ಒಂದು ಸಂಜೆ ಫೋನ್ ಬಳಕೆಯ ಲೆಕ್ಕವಿಡುವ ಡಿಜಿಟಲ್ ವೆಲ್‌ಬೀಯಿಂಗ್ ತೆರೆದು ನೋಡಿದಾಗ ಆ ದಿನದ ಬಳಕೆ 5 ಗಂಟೆ 40 ನಿಮಿಷವೆಂದು ತೋರಿಸಿತು. ಗಂಟೆಗಳ ಲೆಕ್ಕಕ್ಕಿಂತ ನನ್ನನ್ನು ಹೆಚ್ಚು ಕೆಣಕಿದ್ದು ಅದರ ಕೆಳಗಿದ್ದ ಇನ್ನೊಂದು ಅಂಕಿ. ಅಂದು ನಾನು ಫೋನನ್ನು 112 ಬಾರಿ ಅನ್‌ಲಾಕ್ ಮಾಡಿದ್ದೆ. ಎಚ್ಚರವಿದ್ದ 16 ಗಂಟೆಗೆ ಅದನ್ನು ಹಂಚಿದರೆ, ಎಂಟು-ಒಂಬತ್ತು ನಿಮಿಷಕ್ಕೊಮ್ಮೆ ಕೈ ಜೇಬಿಗೆ ಹೋಗಿತ್ತು. ಮರುದಿನವೇ 84 ಚೀಲಗಳನ್ನು ನಾನು 48 ಎಂದು ಬರೆದೆ. ತಪ್ಪನ್ನು ಹಿಡಿದವರು ಚೀಲಗಳನ್ನು ಹೊತ್ತಿದ್ದ ಹಮಾಲರು. “ಲಕ್ಷ್ಯ ಎಲ್ಲದ ರೀ ನಿಮ್ದು?” ಎಂದು ಅವರು ಕೇಳಿದ್ದರಲ್ಲಿ ಕೋಪವೇನೂ ಇರಲಿಲ್ಲ, ಆದರೆ ಕೊಡಲು ನನ್ನ ಬಳಿ ಉತ್ತರವಿರಲಿಲ್ಲ.

ದುರ್ಬಲ ಮನಸ್ಸೆಂದು ನನ್ನನ್ನೇ ಹಳಿದುಕೊಳ್ಳುವ ಮೊದಲು ಈ ಸಾಧನವನ್ನು ಹೇಗೆ ಕಟ್ಟಿದ್ದಾರೆಂದು ಓದಿಕೊಂಡೆ. ಕೊನೆಯಿಲ್ಲದೆ ಕೆಳಗಿಳಿಯುತ್ತಲೇ ಹೋಗುವ ಪುಟವನ್ನು 2006ರಲ್ಲಿ ರೂಪಿಸಿದ ಅಜಾ ರಾಸ್ಕಿನ್ ಅವರೇ ಮುಂದೆ ಅದಕ್ಕಾಗಿ ಬಹಿರಂಗವಾಗಿ ವಿಷಾದ ವ್ಯಕ್ತಪಡಿಸಿದ್ದಾರೆ. ದಿನಪತ್ರಿಕೆಗೆ ಕೊನೆಯ ಪುಟವಿದೆ, ಅಲ್ಲಿಗೆ ಬಂದವನು ಅದನ್ನು ಮಡಚಿಟ್ಟು ಏಳುತ್ತಾನೆ. ಇಲ್ಲಿ ಏಳಬೇಕಾದ ಜಾಗವನ್ನೇ ತೆಗೆದುಹಾಕಲಾಗಿದೆ. ಇನ್ನೊಂದು ಸಂಗತಿಯನ್ನು ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಪ್ರಯೋಗಗಳಲ್ಲಿ ಬಹಳ ಹಿಂದೆಯೇ ತೋರಿಸಿದ್ದರು: ಎಷ್ಟು ಸಲ ಕುಕ್ಕಿದರೆ ಕಾಳು ಸಿಗುತ್ತದೆಂಬುದು ಗೊತ್ತಾಗದಂತೆ ಇಟ್ಟರೆ ಹಕ್ಕಿ ಕುಕ್ಕುವುದನ್ನು ಸುಲಭಕ್ಕೆ ಬಿಡುವುದಿಲ್ಲ. ಗಂಜಿನಲ್ಲಿ ಚೆಲ್ಲಿದ ತೊಗರಿಯನ್ನು ಹೆಕ್ಕುವ ಪಾರಿವಾಳಗಳನ್ನು ನಾನು ದಿನವೂ ನೋಡುತ್ತೇನೆ. ಪ್ರತಿ ಕುಕ್ಕಿಗೂ ಕಾಳು ಸಿಗುವ ಅವು ಹೊಟ್ಟೆ ತುಂಬಿದೊಡನೆ ಹಾರಿಹೋಗುತ್ತವೆ. ಹಾರದೆ ಕುಳಿತವನು ನಾನೇ.

ಮೊದಲಿಗೆ ಅಗ್ಗದ ಉಪಾಯಗಳನ್ನೇ ಮಾಡಿದೆ. ಪರದೆಯನ್ನು ಕಪ್ಪು-ಬಿಳುಪಿಗೆ ತಿರುಗಿಸಿದೆ; ಬಣ್ಣದ ಚಿತ್ರಗಳ ಬದಲು ಆ್ಯಪ್‌ಗಳ ಹೆಸರುಗಳನ್ನಷ್ಟೇ ಸಾಲಾಗಿ ತೋರಿಸುವ ಲಾಂಚರ್ ಹಾಕಿಕೊಂಡೆ. ಎಂಟು ದಿನ ಚೆನ್ನಾಗಿ ನಡೆಯಿತು, ಒಂಬತ್ತನೆಯ ದಿನ ಹೆಬ್ಬೆರಳು ಹೊಸ ದಾರಿಯನ್ನೂ ಕಲಿತುಕೊಂಡಿತ್ತು. ಇದಕ್ಕೆಂದೇ ತಯಾರಾದ ಫೋನ್‌ಗಳು ಹೊರದೇಶಗಳಲ್ಲಿವೆ. ಅಮೆರಿಕದ ಲೈಟ್ ಫೋನ್ ಮೊದಲು ಬಂದಾಗ ಅದು ಕರೆಗಷ್ಟೇ ಮೀಸಲಾಗಿದ್ದ, ಕಾರ್ಡಿನ ಅಳತೆಯ ವಸ್ತುವಾಗಿತ್ತು. 2019ರಲ್ಲಿ ಬಂದ ಎರಡನೆಯ ಮಾದರಿಗೆ ಕಾಗದದಂತೆ ಕಾಣುವ ಇ-ಇಂಕ್ ಪರದೆಯಿತ್ತು. ನೋಡಲು ಅವು ಬಹಳ ಸೊಗಸಾಗಿವೆ. ಆದರೆ ಕಡಿಮೆ ಕೆಲಸ ಮಾಡುವ ಫೋನಿಗೆ ಹೆಚ್ಚು ಹಣ ತೆರುವುದನ್ನು ನಮ್ಮ ಸಾವ್ಕಾರರಿಗೆ ವಿವರಿಸಲು ನನ್ನಿಂದಾಗದು, ಅದಕ್ಕಿಂತ ಮುಖ್ಯವಾಗಿ ನನಗೆ ನಾನೇ ವಿವರಿಸಿಕೊಳ್ಳಲಾರೆ. ಹೀಗಾಗಿ ಕೀಪ್ಯಾಡ್ ಫೋನೇ ಗತಿಯಾಯಿತು. ಕೊಳ್ಳುವವರಿಗೆ ಒಂದೇ ಎಚ್ಚರಿಕೆ: ಜಿಯೊ ಜಾಲದಲ್ಲಿ 2ಜಿ ಇಲ್ಲದ ಕಾರಣ ಆ ಸಿಮ್ ಹಾಕುವವರು 4ಜಿ ಕೀಪ್ಯಾಡ್ ಫೋನನ್ನೇ ಕೇಳಿ ತೆಗೆದುಕೊಳ್ಳಬೇಕು.

ಹಳೆಯ ಸಿಮ್ಮನ್ನು ಹಳೆಯ ಫೋನಿನಲ್ಲಿಯೇ ಉಳಿಸಿ, ಅದರ ಕರೆಗಳೆಲ್ಲ ಹೊಸ ಸಂಖ್ಯೆಗೆ ಬರುವಂತೆ ಕಾಲ್ ಫಾರ್ವರ್ಡ್ ಮಾಡಿದೆ. ಕರೆಗಳು ತಪ್ಪದೆ ಬರುತ್ತವೆ, ಆದರೆ ಎಸ್ಸೆಮ್ಮೆಸ್‌ಗಳು ಹಾಗೆ ತಿರುಗಿ ಬರುವುದಿಲ್ಲ. ಆದ್ದರಿಂದ ಓಟಿಪಿ ಬೇಕಾಗುವ ಕೆಲಸಗಳೆಲ್ಲ ಭಾನುವಾರಕ್ಕೆ ಹೋಗಿ ಕುಳಿತವು. ಹಣ ಕೊಡುವುದು ಇನ್ನೂ ದೊಡ್ಡ ಪೇಚಾಯಿತು. ಕೀಪ್ಯಾಡ್ ಫೋನ್ ಇರುವವರಿಗಾಗಿ ರಿಸರ್ವ್ ಬ್ಯಾಂಕ್ 2022ರ ಮಾರ್ಚಿನಲ್ಲಿ ಯುಪಿಐ 123ಪೇ ಎಂಬ ಸೌಲಭ್ಯವನ್ನು ಆರಂಭಿಸಿದೆ, ಒಂದು ಸಂಖ್ಯೆಗೆ ಕರೆ ಮಾಡಿಯೇ ಹಣ ಕಳಿಸಬಹುದು. ಆದರೆ ಆ ಕರೆ ಬ್ಯಾಂಕಿಗೆ ಜೋಡಿಸಿದ ಸಂಖ್ಯೆಯಿಂದಲೇ ಹೋಗಬೇಕು, ನನ್ನ ಆ ಸಂಖ್ಯೆ ಕಪಾಟಿನಲ್ಲಿ ಮಲಗಿದೆ. ಸೋಮವಾರ ಎಟಿಎಮ್ಮಿನಿಂದ ವಾರದ ಖರ್ಚಿಗೆ ನೋಟು ತೆಗೆದುಕೊಂಡು ಹೊರಟರೆ, ಅಂಗಡಿಯೆದುರಿನ ಚಾದವರು ನೂರರ ನೋಟನ್ನು ನೋಡಿಯೇ, “ಚಿಲ್ಲರ ಇಲ್ರಿ, ಸ್ಕ್ಯಾನ್ ಮಾಡ್ರಿ” ಎಂದರು. ನಾನು ಜೇಬಿನಿಂದ ಫೋನ್ ತೆಗೆದು ತೋರಿಸಿದೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಗಲ್ಲೆಯ ಕೆಳಗಿನಿಂದ ಒಂದು ನೋಟ್‌ಬುಕ್ ತೆಗೆದು ನನ್ನ ಹೆಸರು ಬರೆದುಕೊಂಡರು. ಅಂದಿನಿಂದ ನನ್ನ ಚಾ ಮತ್ತು ಸುಸಲಾದ ಲೆಕ್ಕ ಉದ್ದರಿಯಲ್ಲಿ ನಡೆದು ಶನಿವಾರ ಸಂಜೆ ಚುಕ್ತಾ ಆಗುತ್ತಿದೆ. ನಮ್ಮ ಅಜ್ಜನ ಕಾಲದ ವ್ಯವಹಾರವನ್ನು ಹೊಸ ಫೋನ್ ಹೀಗೆ ಮರಳಿ ತಂದಿದೆ.

ಸಂದೇಶ ಬರೆಯುವುದನ್ನು ಮಾತ್ರ ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ಇಂಗ್ಲಿಷಿನಲ್ಲಾದರೆ ಒಂದು ಎಸ್ಸೆಮ್ಮೆಸ್‌ನಲ್ಲಿ 160 ಅಕ್ಷರಗಳು ಹಿಡಿಯುತ್ತವೆ, ಕನ್ನಡಕ್ಕೆ ಸಿಗುವುದು 70 ಮಾತ್ರ. ಅದರಲ್ಲಿಯೂ ಫೋನ್ ನಮ್ಮ ಅಕ್ಷರಗಳನ್ನು ನಮ್ಮ ಕಣ್ಣಿನಂತೆ ಎಣಿಸುವುದಿಲ್ಲ. ಸ್ವರಚಿಹ್ನೆಯೊಂದು, ಒತ್ತಕ್ಷರಕ್ಕೆ ಬೇಕಾದ ಹಲಂತವೊಂದು ಎಂದು ಬಿಡಿಬಿಡಿಯಾಗಿ ಲೆಕ್ಕ ಹಿಡಿಯುತ್ತದೆ. ಈಗ ಪರದೆಯ ಮೇಲಿರುವ ಸಂದೇಶ ಅವ್ವನಿಗೆ ಬರೆದದ್ದು: “ಊಟಕ್ಕ ಕಾಯಬ್ಯಾಡ”. ಓದುವವರಿಗೆ ಏಳೇ ಅಕ್ಷರ, ನಡುವಿನ ಖಾಲಿ ಜಾಗವೂ ಸೇರಿ ಫೋನಿನ ಲೆಕ್ಕದಲ್ಲಿ 14. ಒಂದೇ ಗುಂಡಿಯನ್ನು ಮೂರು ಸಲ, ನಾಲ್ಕು ಸಲ ಒತ್ತಿ ಒಂದೊಂದೇ ಅಕ್ಷರ ಮೂಡಿಸುವ ಹೊತ್ತಿಗೆ, ಇದನ್ನು ಹೇಳಲೇಬೇಕೇ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಅರ್ಧ ಸಂದೇಶಗಳನ್ನು ಅಲ್ಲಿಯೇ ಅಳಿಸಿ ನೇರವಾಗಿ ಕರೆ ಮಾಡಿದ್ದೇನೆ.

ಇಷ್ಟೆಲ್ಲ ಸುಗಮವಾಯಿತೆಂದುಕೊಂಡಿದ್ದಾಗ ಮಾರ್ಚಿನಲ್ಲಿ ದೊಡ್ಡ ತಪ್ಪೊಂದು ನಡೆಯಿತು. ಹುಮನಾಬಾದಿನಲ್ಲಿರುವ ನಮ್ಮ ಸೋದರತ್ತೆಯ ಮಗಳ ಕುಬಸದ (ಸೀಮಂತದ) ಕರೆಯೋಲೆಯನ್ನು ಸೋಮವಾರ ಮನೆತನದ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಹಾಕಿದ್ದರು, ಕುಬಸ ಶುಕ್ರವಾರವೇ ಇತ್ತು. ಆ ವಾರ ಅಪ್ಪ-ಅವ್ವ ಸೊಲ್ಲಾಪುರದಲ್ಲಿ ತಂಗಿಯ ಮನೆಯಲ್ಲಿದ್ದರು. ನನಗೆ ತಿಳಿದೇ ಇರುತ್ತದೆಂದು ಭಾವಿಸಿ ಅವರು ಅಲ್ಲಿಂದ ನೇರವಾಗಿ ಹುಮನಾಬಾದಿಗೆ ಹೋದರು. ನಾನು ಭಾನುವಾರ ಕಪಾಟು ತೆರೆದಾಗ ಕಂಡದ್ದು ಹಸಿರು ಸೀರೆ, ಹಸಿರು ಬಳೆಗಳಲ್ಲಿ ಕುಳಿತ ಅತ್ತೆಯ ಮಗಳ ಫೋಟೊಗಳನ್ನು, ಮತ್ತು ಅವುಗಳ ಕೆಳಗೆ ನಾನೇಕೆ ಬರಲಿಲ್ಲವೆಂದು ನಡೆದಿದ್ದ ಉದ್ದನೆಯ ವಿಚಾರಣೆಯನ್ನು. ಪರದೆಯಿಂದ ದೂರವಿರುತ್ತೇನೆಂದು ನಾನು ನಿರ್ಧರಿಸಿದಾಗ, ಕರೆಯುವ ಬಂಧುಗಳೂ ಅದೇ ಪರದೆಯೊಳಗೆ ಹೋಗಿ ಕುಳಿತಿದ್ದಾರೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಈ ನಷ್ಟ ಗಂಟೆ-ನಿಮಿಷಗಳಲ್ಲಿ ಅಳೆಯುವಂಥದ್ದಲ್ಲ. ಸ್ಮಾರ್ಟ್‌ಫೋನ್ ಬಿಟ್ಟು ಸುಖವಾಗಿದ್ದೇವೆನ್ನುವವರ ವಿಡಿಯೊಗಳಲ್ಲಿ ಇದರ ಸುದ್ದಿ ನನಗೆ ಹೆಚ್ಚು ಸಿಕ್ಕಿಲ್ಲ. ಬಹುಶಃ ಅವರಿಗೆ ಅತ್ತೆಯಂದಿರು ಕಡಿಮೆ ಇರಬೇಕು.

ಮುಂದಿನ ಭಾನುವಾರ ತಪ್ಪೊಪ್ಪಿಕೊಳ್ಳಲೆಂದು ಬೀದರ್ ಕಡೆಯ ರೈಲು ಹತ್ತಿದೆ. 2017ರಲ್ಲಿ ಈ ಮಾರ್ಗ ಪೂರ್ತಿಯಾಗಿ ತೆರೆದ ಮೇಲೆ ಹುಮನಾಬಾದಿಗೆ ರೈಲಿನಲ್ಲಿಯೇ ಹೋಗಬಹುದು. ಬೋಗಿಯಲ್ಲಿ ನನ್ನ ಎದುರಿಗಿದ್ದ ಆರು ಜನರಲ್ಲಿ ಐವರು ತಲೆತಗ್ಗಿಸಿ ಫೋನ್ ನೋಡುತ್ತಿದ್ದರು, ಆರನೆಯದು ಅವರೊಬ್ಬರ ಮಡಿಲಲ್ಲಿದ್ದ ಕೂಸು. ಕಮಲಾಪುರದ ಸಮೀಪ ಮರಗುತ್ತಿಯ ಸುರಂಗದೊಳಗೆ ರೈಲು ನುಗ್ಗಿತು, ನೆಟ್‌ವರ್ಕ್ ಹೋಯಿತು. ಎಲ್ಲರೂ ಒಮ್ಮೆಲೇ ತಲೆಯೆತ್ತಿದರು. ಕಿಟಕಿಯಾಚೆ ನೋಡಲು ಏನೂ ಇಲ್ಲದ್ದರಿಂದ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬರು ಕೂಸಿನ ಹೆಸರು ಕೇಳಿದರು, ಇನ್ನೊಬ್ಬರು ಸುಲಿದು ತಿನ್ನುತ್ತಿದ್ದ ಶೇಂಗಾವನ್ನು ನನ್ನ ಕೈಗೂ ಹಾಕಿದರು. ಬೆಳಕು ಬಂದೊಡನೆ ತಲೆಗಳು ಮತ್ತೆ ತಗ್ಗಿದವು. ಅವರನ್ನು ನೋಡಿ ನಗುವ ಅಧಿಕಾರ ನನಗಿರಲಿಲ್ಲ, ಏಕೆಂದರೆ ಅದೇ ಕ್ಷಣದಲ್ಲಿ ನನ್ನ ಬಲಗೈಯೂ ಜೇಬಿಗೆ ಹೋಗಿತ್ತು. ಮೂರು ತಿಂಗಳಾದರೂ ಆ ಕೈಗೆ ಸುದ್ದಿ ಮುಟ್ಟಿರಲಿಲ್ಲ.

ಅತ್ತೆ ಬಾಗಿಲಿನಲ್ಲಿಯೇ ನಿಲ್ಲಿಸಿ, “ಗ್ರೂಪಿನ್ಯಾಗ ಹಾಕಿದ್ವೆಲ್ಲೋ, ನೀ ನೋಡೇ ಇಲ್ಲೇನು?” ಎಂದು ಕೇಳಿದರು. ನನ್ನ ಫೋನಿನ ಕಥೆಯನ್ನು ಪೂರ್ತಿ ಕೇಳಿ, ನಂಬಿದರೋ ಬಿಟ್ಟರೋ ಹೇಳದೆ, ಬಿಸಿ ರೊಟ್ಟಿ ಮತ್ತು ಪುಂಡಿಪಲ್ಯ ಬಡಿಸಿದರು. ಊಟವಾದ ಮೇಲೆ ಗೋಡೆಯ ಕ್ಯಾಲೆಂಡರನ್ನು ಇಳಿಸಿ, ಅದರ ಹಿಂಬದಿಯಲ್ಲಿ ನನ್ನ ಹೊಸ ಸಂಖ್ಯೆಯನ್ನು ದಪ್ಪ ಅಂಕಿಗಳಲ್ಲಿ ಬರೆಸಿಕೊಂಡರು.

ಊರಿಗೆ ಮರಳಿ ಬಂದ ಮೇಲೆ ಮನೆಯ ಕಂಪ್ಯೂಟರಿಗೆ ವಾಟ್ಸ್ಆ್ಯಪ್ ಜೋಡಿಸಿಕೊಂಡೆ. ಮುಖ್ಯ ಫೋನನ್ನು 14 ದಿನ ಬಳಸದೇ ಹೋದರೆ ಜೋಡಿಸಿದ ಸಾಧನಗಳು ಲಾಗ್ ಔಟ್ ಆಗುತ್ತವೆ, ಆದರೆ ನನ್ನ ಭಾನುವಾರದ ಪದ್ಧತಿಗೆ ಆ ಗಡುವು ಧಾರಾಳವಾಯಿತು. ರಾತ್ರಿ ಊಟಕ್ಕೆ ಮುಂಚೆ ಹತ್ತು ನಿಮಿಷ ಮನೆತನದ ಗ್ರೂಪನ್ನು ನೋಡಿ ಕಂಪ್ಯೂಟರ್ ಆರಿಸುತ್ತೇನೆ. ಭಾನುವಾರಗಳ ಬಗ್ಗೆ ಹೆಮ್ಮೆಪಡುವಂತಿಲ್ಲ. ಕಳೆದ ವಾರ ಕಪಾಟಿನ ಮುಂದೆ ನಿಂತುಕೊಂಡೇ ಮುಕ್ಕಾಲು ಗಂಟೆ ಸ್ಕ್ರೋಲ್ ಮಾಡಿದ್ದೇನೆ, ಕಾಲು ನೋಯತೊಡಗಿದಾಗ ಎಚ್ಚರವಾಯಿತು. ಕಿರ್ದಿಯಲ್ಲಿ ಚೀಲಗಳ ಅಂಕಿಗಳು ಮಾತ್ರ ಆಮೇಲೆ ತಿರುಗುಮುರುಗಾಗಿಲ್ಲ.

ಅತ್ತೆ ಈಗ ದಿನಬಿಟ್ಟು ದಿನ ಬೆಳಿಗ್ಗೆ ಆರೂವರೆಗೆ ಕರೆ ಮಾಡುತ್ತಾರೆ. ತೊಟ್ಟಿಲು ಕಾರ್ಯಕ್ರಮದ ದಿನ ಗೊತ್ತಾದೊಡನೆ ಮೊದಲು ನನಗೇ ಹೇಳುತ್ತಾರಂತೆ, ಗ್ರೂಪಿಗೆ ಆಮೇಲೆ ಹಾಕುತ್ತಾರಂತೆ.