ನಾಲ್ಕು ಹುಣಸೆ ಬೀಜ, ಒಂದು ಲೆಕ್ಕ

ಎಲ್ಲರಿಗೂ ನಮಸ್ಕಾರ. ನನ್ನ ಕೈಯಲ್ಲಿ ನಾಲ್ಕು ಹುಣಸೆ ಬೀಜ ಇವೆ. ನಿನ್ನೆ ಸಂಜೆ ಮನೆ ಮೆಟ್ಟಿಲ ಮೇಲೆ ಕೂತು, ಒಂದೊಂದನ್ನೂ ಒಂದು ಪಕ್ಕ ಬೆಳ್ಳಗಾಗುವ ತನಕ ಕಲ್ಲಿಗೆ ಉಜ್ಜಿದ್ದೇನೆ. ಬೆರಳು ಇನ್ನೂ ಉರಿಯುತ್ತಿದೆ. ಚೌಕಾಬಾರ ಆಡಿದವರಿಗೆ ಇದೇನೆಂದು ಹೇಳಬೇಕಿಲ್ಲ. ಎಷ್ಟು ಬಿಳಿಯೋ ಅಷ್ಟು ಮನೆ. ನಾಲ್ಕೂ ಬಿಳಿಯಾದರೆ ಚೌಕ. ನಾಲ್ಕೂ ಕಪ್ಪಾದರೆ ಬಾರ, ಅಂದರೆ ಎಂಟು.

ಹತ್ತನೇ ತರಗತಿ ಮಕ್ಕಳನ್ನು ಕೇಳಿದೆ: ಚೌಕ ಬೀಳುವ ಸಂಭವನೀಯತೆ ಎಷ್ಟು? ‘ಐದರಲ್ಲಿ ಒಂದು ಸಾರ್’ ಅಂದರು. ಒಂದು, ಎರಡು, ಮೂರು, ನಾಲ್ಕು, ಎಂಟು. ಒಟ್ಟು ಐದು ಫಲಿತ, ನಮಗೆ ಬೇಕಾದದ್ದು ಒಂದು. ಪುಸ್ತಕದ ಸೂತ್ರ ಅಚ್ಚುಕಟ್ಟಾಗಿ ಹಾಕಿದ್ದಾರೆ. ಉತ್ತರ ಮಾತ್ರ ತಪ್ಪು.

ಮಕ್ಕಳನ್ನು ಬೈಯಬೇಡಿ. ಫ್ರಾನ್ಸಿನ ದೊಡ್ಡ ಗಣಿತಜ್ಞ ಡಾಲಂಬರ್ಟ್ 1754ರಲ್ಲಿ ಇಂಥದೇ ತಪ್ಪು ಮಾಡಿದ. ನಾಣ್ಯವನ್ನು ಎರಡು ಸಲ ಚಿಮ್ಮಿದರೆ ಒಮ್ಮೆಯಾದರೂ ಹೆಡ್ ಬೀಳುವ ಸಾಧ್ಯತೆ ಎಷ್ಟು? ಮೊದಲೇ ಹೆಡ್ ಬಿದ್ದರೆ ಆಟ ಮುಗಿಯಿತು. ಇಲ್ಲದಿದ್ದರೆ ಟೇಲ್ ಆಮೇಲೆ ಹೆಡ್, ಅಥವಾ ಎರಡೂ ಟೇಲ್. ಹಾಗಾಗಿ ಮೂರರಲ್ಲಿ ಎರಡು ಅಂದ. ಸರಿಯುತ್ತರ ನಾಲ್ಕರಲ್ಲಿ ಮೂರು. ಮೊದಲ ಸಲವೇ ಹೆಡ್ ಬೀಳುವುದಕ್ಕೆ ಉಳಿದೆರಡರಲ್ಲಿ ಒಂದೊಂದರ ದುಪ್ಪಟ್ಟು ತೂಕ ಇದೆ. ಅವನು ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಿಬಿಟ್ಟ.

ಬೀಜಕ್ಕೆ ಬರೋಣ. ಪೆನ್ನಿನಲ್ಲಿ ಒಂದೊಂದಕ್ಕೂ ನಂಬರ್ ಹಾಕಿ. ಒಂದೇ ಒಂದು ಬಿಳಿ ಬೀಳಲು 4 ದಾರಿ. ಒಂದನೆಯದು ಬಿಳಿ ಇರಬಹುದು, ಎರಡನೆಯದು ಇರಬಹುದು, ಹೀಗೆ. ಎರಡು ಬಿಳಿಗೆ 6, ಮೂರಕ್ಕೆ 4. ಚೌಕಕ್ಕೆ ಒಂದೇ, ಬಾರಕ್ಕೂ ಒಂದೇ. ಒಟ್ಟು 16. ಅಂದರೆ ಚೌಕ 16ರಲ್ಲಿ 1, ಎರಡು 16ರಲ್ಲಿ 6. ಆಟದಲ್ಲಿ ಸುಮ್ನೆ ಎರಡೆರಡೇ ಬೀಳ್ತಾ ಹೊಟ್ಟೆ ಉರಿಸುತ್ತಲ್ಲ, ಅದಕ್ಕೆ ಕಾರಣ ಇದು.

ಇಷ್ಟಕ್ಕೆ ನಿಲ್ಲಿಸಿದರೆ ನಾನೂ ಡಾಲಂಬರ್ಟನ ಸಾಲಿಗೇ ಸೇರುತ್ತೇನೆ. ಯಾಕೆಂದರೆ ಬೀಜ ನಾಣ್ಯ ಅಲ್ಲ. ಉಜ್ಜಿದ ಪಕ್ಕ ಚಪ್ಪಟೆ, ಇನ್ನೊಂದು ಉಬ್ಬು. ಎರಡು ಮುಖ ಇದ್ದ ಮಾತ್ರಕ್ಕೆ ಅರ್ಧ-ಅರ್ಧ ಅಂತ ಯಾರು ಹೇಳಿದರು? ಒಂದು ಬೀಜ 10 ಸಲದಲ್ಲಿ 6 ಸಲ ಬಿಳಿ ಬೀಳುತ್ತದೆ ಅಂತ ಸುಮ್ಮನೆ ಅಂದುಕೊಳ್ಳಿ. ಆಗ ಚೌಕ 100ಕ್ಕೆ ಸುಮಾರು 13 ಸಲ, ಬಾರ ಎರಡೂವರೆ ಸಲ. ಐದು ಪಟ್ಟು ವ್ಯತ್ಯಾಸ! ಪುಸ್ತಕದಲ್ಲಿ ‘ಸಮಸಂಭವನೀಯ ಫಲಿತಗಳು’, ಅಂದರೆ ಬೀಳುವ ಸಾಧ್ಯತೆ ಒಂದೇ ಸಮ ಇರುವ ಫಲಿತಗಳು, ಅಂತ ಒಂದು ಮಾತು ಇರುತ್ತದೆ. ಮಕ್ಕಳು ಅದನ್ನು ಬಾಯಿಪಾಠ ಮಾಡಿ ದಾಟಿಹೋಗುತ್ತಾರೆ. ನಾವೂ ಹೋಗಲಿ ಅಂತ ಬಿಡುತ್ತೇವೆ. ಸೂತ್ರ ನಿಂತಿರುವುದೇ ಆ ಮಾತಿನ ಮೇಲೆ.

ಸಮ ಅಲ್ಲದಿದ್ದರೆ ಎಸೆದೇ ನೋಡಬೇಕು, ಅದೂ ತುಂಬಾ ಸಲ. ಫ್ರಾನ್ಸಿನ ವಿಜ್ಞಾನಿ ಬಫನ್ ನಾಣ್ಯವನ್ನು 4040 ಸಲ ಚಿಮ್ಮಿಸಿದ, 2048 ಹೆಡ್ ಬಿತ್ತು. ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ 24,000 ಸಲ ಚಿಮ್ಮಿದ, 12,012 ಹೆಡ್. ಅರ್ಧಕ್ಕೆ ಎಷ್ಟು ಹತ್ತಿರ ನೋಡಿ. ಹತ್ತೇ ಸಲ ಚಿಮ್ಮಿದ್ದರೆ ಏಳು ಹೆಡ್ ಬಿದ್ದರೂ ಆಶ್ಚರ್ಯ ಇರಲಿಲ್ಲ.

ನಮಗೆ ಅಷ್ಟು ಪುರುಸೊತ್ತಿಲ್ಲ, ಅಲ್ವಾ? ಆದರೆ ಈ ಹಾಲ್‌ನಲ್ಲಿ ಐವತ್ತು ಜನ ಇದ್ದೀರಿ. ಬೀಜ ಹಿಂದಿನ ಸಾಲಿನಿಂದ ಬರಲಿ. ಒಬ್ಬೊಬ್ಬರು ಹತ್ತು ಸಲ ಎಸೆದು, ಚೌಕ ಎಷ್ಟು, ಬಾರ ಎಷ್ಟು ಅಂತ ಕೂಗಿ ಹೇಳಿ. ನಾನು ಬೋರ್ಡಿನ ಮೇಲೆ ಬರೆಯುತ್ತಾ ಹೋಗುತ್ತೇನೆ.